ಬ್ರೌನ್, ಪೇಟನ್, ಸ್ಯಾಂಡರ್ಸ್, ಸ್ಮಿತ್: ವಾದಕ್ಕಿಳಿಯುವ ಮುನ್ನ ನೋಡಬೇಕಾದ್ದು

ಅಮೆರಿಕನ್ ಫುಟ್‌ಬಾಲ್ ನೋಡುವ ನಾಲ್ಕು ಜನ ಸೇರಿದರೆ ಈ ಜಗಳ ಗ್ಯಾರಂಟಿ: ಚೆಂಡು ಹಿಡಿದು ಓಡೋ ಆಟಗಾರರಲ್ಲಿ, ಅಂದರೆ ರನ್ನಿಂಗ್ ಬ್ಯಾಕ್‌ಗಳಲ್ಲಿ, ಎಲ್ಲರಿಗಿಂತ ದೊಡ್ಡವನು ಯಾರು? ಒಬ್ಬ ಜಿಮ್ ಬ್ರೌನ್ ಅಂತಾನೆ, ಒಬ್ಬ ವಾಲ್ಟರ್ ಪೇಟನ್ ಅಂತಾನೆ, ಬ್ಯಾರಿ ಸ್ಯಾಂಡರ್ಸ್ ಭಕ್ತ ಒಬ್ಬ ಇದ್ದೇ ಇರ್ತಾನೆ. ಕೊನೆಗೆ ಯಾರೋ ಫೋನ್ ತೆಗೆದು ಎಮಿಟ್ ಸ್ಮಿತ್‌ನ 18,355 ಯಾರ್ಡ್ ತೋರಿಸಿ ‘ಮುಗೀತಲ್ಲ’ ಅಂತಾನೆ. ಮುಗಿಯೋದಿಲ್ಲ. ಒಟ್ಟು ಯಾರ್ಡ್ ಹೇಳೋದು ಒಬ್ಬ ರನ್ನಿಂಗ್ ಬ್ಯಾಕ್ ಎಷ್ಟು ಓಡಿದ ಅನ್ನೋದನ್ನ ಮಾತ್ರ. ಯಾವ ಸ್ಥಿತಿಯಲ್ಲಿ ಓಡಿದ, ಯಾರ ಬೆನ್ನ ಹಿಂದೆ ಓಡಿದ ಅನ್ನೋದನ್ನ ಅದು ಹೇಳೋದಿಲ್ಲ. ಹಾಗಾಗಿ ನಾನು ಹೋಲಿಸುವ ಕ್ರಮ ಇದು. ಅಂಕಿಅಂಶ ಅರ್ಧ, ಹಳೆಯ ಪಂದ್ಯಗಳ ವಿಡಿಯೊ ಇನ್ನರ್ಧ.

ಮೊದಲು ಪ್ರಶ್ನೆಯನ್ನ ಗಟ್ಟಿ ಮಾಡಿಕೊಳ್ಳಿ. ‘ಯಾರು ದೊಡ್ಡವನು’ ಅನ್ನೋದರೊಳಗೆ ಕನಿಷ್ಠ ಎರಡು ಪ್ರಶ್ನೆ ಅಡಗಿವೆ: ಎಷ್ಟು ಎತ್ತರಕ್ಕೆ ಹೋದ, ಎಷ್ಟು ಕಾಲ ಅಲ್ಲಿ ನಿಂತ. ಶಿಕಾಗೋ ಬೇರ್ಸ್‌ನ ಗೇಲ್ ಸೇಯರ್ಸ್ ಮೊಣಕಾಲಿನ ಗಾಯಗಳಿಂದಾಗಿ ಆಡಿದ್ದೇ 68 ಪಂದ್ಯ, ಗಳಿಸಿದ್ದು 4,956 ಯಾರ್ಡ್. ಎರಡನೇ ಪ್ರಶ್ನೆ ಕೇಳಿದರೆ ಅವನ ಹೆಸರೇ ಬರೋದಿಲ್ಲ. ಆದರೆ 1965ರ ಡಿಸೆಂಬರ್ 12ರಂದು ರಿಗ್ಲಿ ಫೀಲ್ಡ್‌ನ ಕೆಸರಲ್ಲಿ, ಉಳಿದವರೆಲ್ಲ ಜಾರಿ ಬೀಳ್ತಿದ್ದಾಗ, ಇವನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಆರು ಟಚ್‌ಡೌನ್ (ಚೆಂಡನ್ನ ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸೋದು) ಹೊಡೆದ. ಅದು ಅವನ ಮೊದಲ ಸೀಸನ್. 34ನೇ ವಯಸ್ಸಿಗೇ ಮಹಾನ್ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು ಅಂದರೆ, ಆಯ್ಕೆ ಮಾಡಿದವರು ಮೊದಲ ಪ್ರಶ್ನೆ ಹಿಡಿದು ಕೂತಿದ್ದರು ಅಂತಲೇ ಅರ್ಥ. ಇಬ್ಬರು ಬೇರೆ ಬೇರೆ ಪ್ರಶ್ನೆ ಇಟ್ಟುಕೊಂಡು ಕಿರುಚಾಡೋದನ್ನ ಎಷ್ಟೋ ಸಲ ನೋಡಿದ್ದೇನೆ. ಬೆಳಗಾದರೂ ಅದು ಇತ್ಯರ್ಥ ಆಗೋದಿಲ್ಲ.

ಆಮೇಲೆ ಒಟ್ಟು ಯಾರ್ಡನ್ನ ಪಂದ್ಯಗಳಿಂದ ಭಾಗಿಸಿ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಸೀಸನ್ ಒಂದೇ ಉದ್ದ ಇದ್ದದ್ದಲ್ಲ. ಬ್ರೌನ್ 1957ರಲ್ಲಿ ಬಂದಾಗ ಸೀಸನ್‌ಗೆ 12 ಪಂದ್ಯ, 1961ರಿಂದ 14, 1978ರಿಂದ 16, 2021ರಿಂದ 17. ಪಂದ್ಯಕ್ಕೆ ಸರಾಸರಿ ತೆಗೆದರೆ ಬ್ರೌನ್ 104.3, ಸ್ಯಾಂಡರ್ಸ್ 99.8, ಪೇಟನ್ 88, ಸ್ಮಿತ್ 81.2. ಒಟ್ಟು ಯಾರ್ಡಿನ ಪಟ್ಟಿ ಹೆಚ್ಚುಕಡಿಮೆ ತಲೆಕೆಳಗಾಯಿತು. ಆದರೆ ಇಲ್ಲೇ ನಿಂತರೆ ಪೇಟನ್‌ಗೂ ಸ್ಮಿತ್‌ಗೂ ಅನ್ಯಾಯ. ಬ್ರೌನ್ ಒಂಬತ್ತೇ ಸೀಸನ್ ಆಡಿ, ಕಾಲಲ್ಲಿ ಇನ್ನೂ ಕಸುವಿದ್ದಾಗಲೇ ಬಿಟ್ಟು ಹೋದ. ಸ್ಯಾಂಡರ್ಸ್ ಹತ್ತು ಸೀಸನ್‌ಗೆ ಬಿಟ್ಟ. ಪೇಟನ್ 13, ಸ್ಮಿತ್ 15 ಸೀಸನ್ ಆಡಿದರು, ಕಾಲು ಸೋತ ವರ್ಷಗಳೂ ಅವರ ಸರಾಸರಿಯಲ್ಲಿ ಸೇರಿವೆ. ಅದಕ್ಕೆ ಪ್ರತಿಯೊಬ್ಬನ ಮೊದಲ ಒಂಬತ್ತು ಸೀಸನ್ ಮಾತ್ರ ಬೇರೆ ತೆಗೆದು ಇನ್ನೊಮ್ಮೆ ಲೆಕ್ಕ ಹಾಕಿ.

ಒಂದೇ ಸೀಸನ್ ಹೋಲಿಸುವಾಗಂತೂ ಪಂದ್ಯಗಳ ಲೆಕ್ಕ ಮರೆಯಲೇಬೇಡಿ. ಎರಿಕ್ ಡಿಕರ್ಸನ್‌ನ 2,105 ಯಾರ್ಡ್ (1984) ಬಂದದ್ದು 16 ಪಂದ್ಯದಲ್ಲಿ, ಓ.ಜೆ. ಸಿಂಪ್ಸನ್‌ನ 2,003 (1973) ಬಂದದ್ದು 14ರಲ್ಲಿ. ಪಂದ್ಯಕ್ಕೆ 131.6, 143.1. ಸಿಂಪ್ಸನ್‌ನ ಮುಂದಿನ ಬದುಕು ಏನೇ ಆಗಿರಲಿ, ಆ ಸೀಸನ್ ಮುಟ್ಟಿದವರಿಲ್ಲ. 14 ಪಂದ್ಯಗಳ ಲೆಕ್ಕ ಹಿಡಿದರೆ ಹತ್ತಿರ ಬಂದವನು ಸ್ಯಾಂಡರ್ಸ್. 1997ರಲ್ಲಿ ಅವನು ಮೊದಲ ಎರಡು ಪಂದ್ಯದಲ್ಲಿ 33 ಮತ್ತು 20 ಯಾರ್ಡ್ ಮಾತ್ರ ಓಡಿದ. ಸೀಸನ್ ಮುಗಿದಾಗ 2,053. ಅಂದರೆ ಉಳಿದ 14 ಪಂದ್ಯದಲ್ಲಿ ಸರಿಯಾಗಿ 2,000, ಹದಿನಾಲ್ಕರಲ್ಲೂ ನೂರು ದಾಟಿ. ನನಗೆ ಈ ಆಟದ ಅಂಕಿಗಳಲ್ಲೆಲ್ಲ ಅತಿ ಇಷ್ಟವಾದದ್ದು ಇದು.

ಈಗ ಓಟಕ್ಕೆ ಎಷ್ಟು ಯಾರ್ಡ್ ಅನ್ನೋದು. ಬ್ರೌನ್ 5.2, ಸ್ಯಾಂಡರ್ಸ್ 5.0, ಪೇಟನ್ 4.4, ಸ್ಮಿತ್ 4.2. ಸ್ಕೋರ್‌ಬೋರ್ಡ್ ನೋಡಿ ಬೆಳೆದ ನಮಗೆ ಸರಾಸರಿ ಅಂದರೆ ವೇದವಾಕ್ಯ, ಆದರೆ ಇಲ್ಲಿ ಅದು ದಾರಿ ತಪ್ಪಿಸುತ್ತೆ. ಒಂದು ಹಾಳೆ ತಗೊಂಡು ಬರೆದು ನೋಡಿ. ಒಬ್ಬನ ಹತ್ತು ಓಟ: ಮೈನಸ್ 2, ಮೈನಸ್ 1, 0, 1, 2, 0, 3, ಮೈನಸ್ 3, 0, ಮತ್ತು 50. ಇನ್ನೊಬ್ಬನದು ಹತ್ತಕ್ಕೆ ಹತ್ತೂ ನಾಲ್ಕರಿಂದ ಆರು ಯಾರ್ಡ್. ಇಬ್ಬರದೂ ಸರಾಸರಿ 5. ಆದರೆ ಈ ಆಟದಲ್ಲಿ ನಾಲ್ಕು ಡೌನ್‌ನಲ್ಲಿ, ಅಂದರೆ ನಾಲ್ಕು ಪ್ರಯತ್ನದಲ್ಲಿ, ಹತ್ತು ಯಾರ್ಡ್ ಹೋಗದಿದ್ದರೆ ಚೆಂಡು ಎದುರಾಳಿಗೆ. ಮೊದಲನೆಯವನ ತಂಡ ಒಂಬತ್ತು ಓಟಕ್ಕೆ ಒಂದಿಂಚೂ ಮುಂದೆ ಹೋಗಿಲ್ಲ. ಚೆಂಡು ಎಸೆಯೋ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಪ್ರತಿ ಸಲ ಮೂರನೇ ಡೌನ್‌ನಲ್ಲಿ ದೂರದ ಪಾಸ್ ಎಸೆಯಬೇಕು. ಎರಡನೆಯವನ ತಂಡ ನಿಧಾನಕ್ಕೆ ಮೈದಾನವನ್ನೇ ನುಂಗುತ್ತಾ ಹೋಗುತ್ತೆ.

ಮೊದಲನೆಯದು ಸ್ಯಾಂಡರ್ಸ್‌ನ ಅತಿ ಕೆಟ್ಟ ದಿನದ ಚಿತ್ರ, ಎರಡನೆಯದು ಸ್ಮಿತ್‌ನ ಒಳ್ಳೆಯ ದಿನದ್ದು. ಇಬ್ಬರನ್ನೂ ಸ್ವಲ್ಪ ಉತ್ಪ್ರೇಕ್ಷೆ ಮಾಡಿದ್ದೇನೆ, ಆದರೆ ತೀರಾ ಅಲ್ಲ. 1994ರ ಡಿಸೆಂಬರ್ 31ರಂದು ಗ್ರೀನ್ ಬೇ ವಿರುದ್ಧದ ಪ್ಲೇಆಫ್ (ಸೋತರೆ ಹೊರಗೆ) ಪಂದ್ಯದಲ್ಲಿ ಸ್ಯಾಂಡರ್ಸ್ 13 ಸಲ ಓಡಿ ಗಳಿಸಿದ್ದು ಮೈನಸ್ 1 ಯಾರ್ಡ್. ಆ 50ರ ಓಟ ಬರಲೇ ಇಲ್ಲ, ಅವನ ತಂಡ ಡೆಟ್ರಾಯಿಟ್ ಸೋತು ಮನೆಗೆ ಹೋಯಿತು. 1997ರ ಅಕ್ಟೋಬರ್‌ನಲ್ಲಿ ಟ್ಯಾಂಪಾದಲ್ಲಿ ಬಂತು, ಒಂದೇ ಪಂದ್ಯದಲ್ಲಿ ಎರಡು ಸಲ: 80 ಮತ್ತು 82.

ಇಷ್ಟಾದ ಮೇಲೆ ಮುಂದೆ ನಿಂತವರನ್ನ ನೋಡಿ. ಬ್ಲಾಕ್ ಮಾಡಿ (ಎದುರಾಳಿಗಳನ್ನ ಮೈಯೊಡ್ಡಿ ತಡೆದು) ದಾರಿ ಬಿಡಿಸಿಕೊಡೋ ‘ಲೈನ್’ನ ಐದು ಜನ ದೈತ್ಯರಿಗೆ ಯಾರ್ಡ್ ಪಟ್ಟಿಯಲ್ಲಿ ಜಾಗವಿಲ್ಲ. ‘ಸ್ಮಿತ್‌ಗೆ ಡಲ್ಲಾಸ್ ಲೈನ್ ಇತ್ತು, ಯಾರು ಬೇಕಾದರೂ ಓಡ್ತಿದ್ದರು’ ಅನ್ನೋ ಮಾತು ನೀವೂ ಕೇಳಿರ್ತೀರಿ. ಅದನ್ನ ಪರೀಕ್ಷೆ ಮಾಡಬಹುದು: ಆಟಗಾರ ಇಲ್ಲದಾಗ ತಂಡ ಏನಾಯಿತು? 1993ರಲ್ಲಿ ಸ್ಮಿತ್ ಸಂಬಳದ ವಿಚಾರಕ್ಕೆ ಮುನಿಸಿಕೊಂಡು ಮನೆಯಲ್ಲೇ ಕೂತ. ಅದೇ ಲೈನ್, ಅದೇ ಕ್ವಾರ್ಟರ್‌ಬ್ಯಾಕ್, ಆದರೂ ಚಾಂಪಿಯನ್ ತಂಡ ಮೊದಲ ಎರಡೂ ಪಂದ್ಯ ಸೋತಿತು. ಒಪ್ಪಂದ ಆಯಿತು, ಅವನು ಬಂದ, ಮುಂದಿನ 14ರಲ್ಲಿ 12 ಗೆದ್ದರು, ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಕೂಡ. ಎರಡು ಪಂದ್ಯ ತಪ್ಪಿಸಿಯೂ ಲೀಗ್‌ನಲ್ಲಿ ಅತಿ ಹೆಚ್ಚು ಓಡಿದವನು ಅವನೇ, 1,486 ಯಾರ್ಡ್.

ಬ್ರೌನ್‌ಗೆ ಇದೇ ಪರೀಕ್ಷೆ ಸ್ವಲ್ಪ ಕಹಿ. ಅವನು ಬಿಟ್ಟ ಮರುವರ್ಷ, 1966ರಲ್ಲಿ, ಅದೇ ಕ್ಲೀವ್‌ಲ್ಯಾಂಡ್ ಲೈನ್ ಹಿಂದೆ ಲೆರಾಯ್ ಕೆಲ್ಲಿ ಓಟಕ್ಕೆ 5.5ರಂತೆ 1,141 ಯಾರ್ಡ್ ಓಡಿದ. 1967, 1968 ಎರಡೂ ವರ್ಷ ಲೀಗ್‌ನಲ್ಲಿ ಮೊದಲು. ಕೆಲ್ಲಿಯೂ ಹಾಲ್ ಆಫ್ ಫೇಮ್ ಆಟಗಾರ ನಿಜ, ಆದರೂ ಬ್ರೌನ್ ಬರಿಗಾಡಲ್ಲಿ ಒಬ್ಬನೇ ಓಡಿದ ಅನ್ನೋ ಕಥೆ ಅಲ್ಲಿಗೆ ಬಿದ್ದುಹೋಯಿತು. ಸ್ಯಾಂಡರ್ಸ್ ಅಭಿಮಾನಿಗಳಿಗೆ ಇನ್ನೂ ನುಂಗಲಾರದ ತುತ್ತು: 1998ರಲ್ಲಿ ಅವನಿದ್ದ ಡೆಟ್ರಾಯಿಟ್ 5 ಗೆದ್ದು 11 ಸೋತಿತ್ತು, 1999ರಲ್ಲಿ ಅವನಿಲ್ಲದೆ 8 ಗೆದ್ದು ಪ್ಲೇಆಫ್‌ಗೆ ಹೋಯಿತು. ಇದೊಂದೇ ಹಿಡಿದು ತೀರ್ಪು ಕೊಡಬೇಡಿ, ತಂಡ ಬದಲಾಗೋಕೆ ನೂರು ಕಾರಣ ಇರುತ್ತೆ. ಆದರೆ ಈ ಸಾಕ್ಷಿಯನ್ನ ಮುಚ್ಚಿಡಲೂಬೇಡಿ.

ಈಗ ವಿಡಿಯೊ. ಹೈಲೈಟ್ಸ್ ನೋಡಬೇಡಿ, ಅದರಲ್ಲಿ ಎಲ್ಲರೂ ದೇವರೇ. ಪೂರ್ತಿ ಪಂದ್ಯ ಹುಡುಕಿ. ಚೆಂಡು ಕೈಗೆ ಬಂದ ಕ್ಷಣ ವಿಡಿಯೊ ನಿಲ್ಲಿಸಿ, ಎದುರಾಳಿ ಮೊದಲು ಮೈ ಮುಟ್ಟಿದಾಗ ಇನ್ನೊಮ್ಮೆ ನಿಲ್ಲಿಸಿ. ಎರಡು ಕಾಲಂ ಮಾಡಿ: ಮುಟ್ಟುವ ಮೊದಲು ಎಷ್ಟು ಯಾರ್ಡ್, ಮುಟ್ಟಿದ ಮೇಲೆ ಎಷ್ಟು. ಮೊದಲ ಕಾಲಂ ಬಹುಪಾಲು ಲೈನ್‌ನದು, ಎರಡನೆಯದು ಅವನ ಸ್ವಂತ ಸಂಪಾದನೆ. ಪೇಟನ್‌ಗೆ ಈ ಎರಡನೇ ಕಾಲಂ ತುಂಬುತ್ತಾ ಹೋಗುತ್ತೆ. ಬದಿಗೆರೆ ಎರಡು ಹೆಜ್ಜೆ ದೂರ ಇರುತ್ತೆ, ಆಚೆ ಹೋದರೆ ಪೆಟ್ಟು ತಪ್ಪುತ್ತೆ. ಅವನು ಒಳಕ್ಕೇ ತಿರುಗಿ, ಬಂದವನ ಎದೆಗೆ ಭುಜ ಕೊಟ್ಟು, ಇನ್ನೊಂದು ಯಾರ್ಡ್ ಕಿತ್ತುಕೊಂಡೇ ಬೀಳ್ತಾನೆ. ಹೀಗೆ ಪೆಟ್ಟು ಬೇಡಿ ತಿನ್ನೋ ಮನುಷ್ಯ 13 ಸೀಸನ್‌ನಲ್ಲಿ ತಪ್ಪಿಸಿದ್ದು ಒಂದೇ ಪಂದ್ಯ. 1977ರಲ್ಲಿ ಮಿನೆಸೋಟಾ ಮೇಲೆ 275 ಯಾರ್ಡ್ ಓಡಿದ ದಿನ ಫ್ಲೂ ಜ್ವರ ಬೇರೆ.

ಬ್ರೌನ್‌ನ ವಿಡಿಯೊದಲ್ಲಿ ಓಟ ಮುಗಿದ ಮೇಲೂ ನೋಡ್ತಾ ಇರಿ. ಮೇಲೇಳೋದು ಮುದುಕನ ಹಾಗೆ, ಗುಂಪಿನ ಕಡೆ ಕಾಲೆಳೆದುಕೊಂಡೇ ನಡೆಯೋದು. ನೋವಾಗಿದ್ದರೂ ಹಾಗೇ, ಆಗದಿದ್ದರೂ ಹಾಗೇ. ಯಾವಾಗ ನಿಜವಾಗಿ ಪೆಟ್ಟು ಬಿದ್ದಿದೆ ಅಂತ ಎದುರಾಳಿಗೆ ಗೊತ್ತಾಗಬಾರದು ಅನ್ನೋ ಲೆಕ್ಕ.

ಚೆಂಡಿಲ್ಲದಾಗಿನ ಕೆಲಸವನ್ನೂ ಸೇರಿಸಿ. ಪೇಟನ್ 492 ಪಾಸ್ ಹಿಡಿದ, ತಾನೇ ಎಸೆದು ಎಂಟು ಟಚ್‌ಡೌನ್ ಮಾಡಿಸಿದ, ಬ್ಲಾಕ್ ಮಾಡೋಕೆ ಎಂದೂ ಹಿಂಜರಿದವನಲ್ಲ. ಬ್ಲಾಕ್ ವಿಚಾರದಲ್ಲಿ ಬ್ರೌನ್ ಸೋಮಾರಿ ಅನ್ನೋ ದೂರು ಅವನ ಕಾಲದಿಂದಲೇ ಇದೆ. ಚೆಂಡು ಕೈಬಿಟ್ಟ ಲೆಕ್ಕ ಕೂಡ ನೋಡಿ: ಡಿಕರ್ಸನ್, ಸ್ಯಾಂಡರ್ಸ್ ಇಬ್ಬರೂ ಓಡಿದ್ದು ಸುಮಾರು ಮೂರು ಸಾವಿರ ಸಲ, ಫಂಬಲ್ 78 ಮತ್ತು 41.

ಸೂಪರ್ ಬೌಲ್ ಗೆದ್ದವರಿಗೆ ಸಿಗೋ ಉಂಗುರ ಎಣಿಸೋದನ್ನ ಮಾತ್ರ ಬಿಟ್ಟುಬಿಡಿ. ಅದು 50ಕ್ಕೂ ಹೆಚ್ಚು ಜನರ ತಂಡದ ಗಳಿಕೆ. ಪೇಟನ್‌ಗೆ ಸಿಕ್ಕ ಒಂದೇ ಉಂಗುರದ ಪಂದ್ಯದಲ್ಲಿ ಶಿಕಾಗೋ 46–10ರಿಂದ ಗೆದ್ದರೂ ಅವನಿಗೆ ಒಂದು ಟಚ್‌ಡೌನ್ ಸಿಗಲಿಲ್ಲ.

ನನ್ನ ತೀರ್ಪು ಕೇಳಿದರೆ, ಎತ್ತರದ ಪ್ರಶ್ನೆಗೆ ಬ್ರೌನ್: ಒಂಬತ್ತು ಸೀಸನ್‌ನಲ್ಲಿ ಎಂಟು ಸಲ ಲೀಗ್‌ಗೇ ಮೊದಲಿಗನಾದ ಇನ್ನೊಬ್ಬ ಹುಟ್ಟಿಲ್ಲ. ಕಾಲದ ಪ್ರಶ್ನೆಗೆ ಪೇಟನ್. ಟಿಕೆಟ್ ಕೊಟ್ಟು ನೋಡೋದಾದರೆ ಸ್ಯಾಂಡರ್ಸ್. ಗೆಲ್ಲೋಕೆ ಒಂದೇ ಯಾರ್ಡ್ ಬಾಕಿ, ಗಡಿಯಾರದಲ್ಲಿ ಸಮಯ ಇಲ್ಲ ಅಂದರೆ ಚೆಂಡು ಸ್ಮಿತ್ ಕೈಗೆ. ನಂಬಿಕೆ ಬರದಿದ್ದರೆ 1994ರ ಜನವರಿ 2ರ ಜೈಂಟ್ಸ್ ಪಂದ್ಯದ ದ್ವಿತೀಯಾರ್ಧ ಹಾಕಿ ನೋಡಿ. ಭುಜದ ಕೀಲು ಬಿಟ್ಟುಕೊಂಡಿದೆ, ಆದರೂ ಓವರ್‌ಟೈಮ್ ತನಕ ಚೆಂಡು ಅವನಿಗೇ. ಆ ದಿನ ಅವನು ಓಡಿದ್ದು 32 ಸಲ, ಹಿಡಿದದ್ದು 10 ಪಾಸ್, ಒಟ್ಟು 229 ಯಾರ್ಡ್. ಡಲ್ಲಾಸ್ 16–13ರಿಂದ ಗೆದ್ದಿತು.