ಟ್ಯೂಬ್ ಬೇಸ್ ಆಂಪ್ ಬೆಂಗಳೂರಲ್ಲಿ ಇಟ್ಕೊಳ್ಳೋದು, ಸಾಗಿಸೋದು ಹೇಗೆ

ಟ್ಯೂಬ್ ಬೇಸ್ ಆಂಪ್, ಅಂದ್ರೆ ಗಾಜಿನ ಟ್ಯೂಬ್ (ವಾಲ್ವ್) ಮೇಲೆ ಓಡೋ ಬೇಸ್ ಗಿಟಾರ್ ಆಂಪ್ಲಿಫೈಯರ್, ತಗೊಳೋಕೆ ಮುಂಚೆ ಅದನ್ನ ಎಲ್ಲಿ ಇಡ್ತೀರಾ ಅಂತ ಡಿಸೈಡ್ ಮಾಡ್ಬಿಡಿ, ಯಾವ ಮಾಡೆಲ್ಲು, ಟೋನ್ ಹೆಂಗೆ ಅನ್ನೋದೆಲ್ಲ ಆಮೇಲೆ. ಎಲ್ಲರ ಬಾಯಲ್ಲೂ ಮೊದಲು ಬರೋ ಹೆಸರು ಆಂಪೆಗ್ ಎಸ್‌ವಿಟಿ, 1969ರಲ್ಲಿ ಬಂದಿದ್ದು, 300 ವಾಟ್, ಔಟ್‌ಪುಟ್‌ಗೇ ಆರು ದಪ್ಪ ಟ್ಯೂಬು. ಅದೇ ಸಾಲಿನ ಎಸ್‌ವಿಟಿ ಕ್ಲಾಸಿಕ್ ಹೆಡ್ (ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆ) ಒಂದೇ ಸುಮಾರು 36 ಕೆಜಿ, ಅದಕ್ಕೆ ಜೋಡಿ ಆಗೋ 8 ಬೈ 10 ಕ್ಯಾಬ್ (10 ಇಂಚಿನ ಎಂಟು ಸ್ಪೀಕರ್ ಇರೋ ಪೆಟ್ಟಿಗೆ) 63 ಕೆಜಿ ಹತ್ರ. ಎರಡೂ ಸೇರಿದ್ರೆ 50 ಕೆಜಿ ಅಕ್ಕಿ ಮೂಟೆ ಎರಡು ಆದಂಗೆ. ಕ್ಯಾಬ್ ಎತ್ತರ 4 ಅಡಿ, ಅಗಲ 26 ಇಂಚು. ಲಿಫ್ಟ್ ಇಲ್ಲದ ಬಿಲ್ಡಿಂಗಲ್ಲಿ ಮೂರನೇ ಫ್ಲೋರಲ್ಲಿ ಬಾಡಿಗೆಗಿದ್ದು ಇದನ್ನ ಮನೇಲೇ ಇಡ್ತೀನಿ ಅಂದ್ರೆ ಬೇಡ ಅಂತಾನೇ ಹೇಳ್ತೀನಿ, ಆರು ತಿಂಗಳಲ್ಲಿ ಗಿಗ್‌ಗೆ ತಗೊಂಡು ಹೋಗೋದನ್ನೇ ನಿಲ್ಲಿಸ್ಬಿಡ್ತೀರಾ.

ಇಷ್ಟೊಂದು ತೂಕ ಯಾಕೆ ಅಂದ್ರೆ ಕಬ್ಬಿಣ. ಟ್ಯೂಬ್‌ಗಳು ನೂರಾರು ವೋಲ್ಟಲ್ಲಿ ಕೆಲಸ ಮಾಡ್ತವೆ, ಸ್ಪೀಕರ್‌ಗೆ ಬೇಕಾಗಿರೋದು ಕಮ್ಮಿ ವೋಲ್ಟೇಜು ಜಾಸ್ತಿ ಕರೆಂಟು, ಮಧ್ಯ ಇದನ್ನ ಬದಲಾಯಿಸಿ ಕೊಡೋದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಬೇಸಿನ ಲೋ ಇ ತಂತಿ 41 ಹರ್ಟ್ಸ್, ಅಷ್ಟು ಕೆಳಗಿನ ಸ್ವರವನ್ನ ಅಷ್ಟು ಪವರಲ್ಲಿ ದಾಟಿಸ್ಬೇಕು ಅಂದ್ರೆ ಅದರ ಕಬ್ಬಿಣದ ಕೋರ್ ದೊಡ್ಡದೇ ಇರ್ಬೇಕು, ಅದಕ್ಕೇ ಗಿಟಾರ್ ಆಂಪ್‌ಗಿಂತ ಬೇಸ್ ಆಂಪ್ ಟ್ರಾನ್ಸ್‌ಫಾರ್ಮರ್ ದಪ್ಪ. ಈಗ ಟ್ರಾನ್ಸಿಸ್ಟರ್ ಮೇಲೆ ಓಡೋ ಕ್ಲಾಸ್ ಡಿ ಹೆಡ್‌ಗಳು 3 ಕೆಜಿ ಒಳಗೇ 500 ವಾಟ್ ಕೊಡ್ತವೆ, ಬ್ಯಾಗಲ್ಲಿ ಹಾಕ್ಕೊಂಡು ಮೆಟ್ರೋಲಿ ಹೋಗ್ಬೋದು, ಬಹಳ ಜನಕ್ಕೆ ಅದೇ ಸರಿ. ಆದ್ರೆ ಟ್ಯೂಬ್ ಆಂಪನ್ನ ಸ್ವಲ್ಪ ಜೋರಾಗಿ ಓಡಿಸಿದಾಗ ನೋಟ್ ತುದಿ ಮೃದು ಆಗಿ, ಹೊಟ್ಟೆ ತುಂಬ್ಕೊಂಡು ಬರತ್ತಲ್ಲ, ಬೆರಳಿಗೆ ಅದು ತಿರುಗಿ ಸಿಗತ್ತಲ್ಲ, ಅದು ಬೇಕು ಅನ್ನೋರಿಗೆ ಬೇರೆ ದಾರಿ ಇಲ್ಲ, ನನಗಂತೂ ಬೇಕು.

ಬೆಂಗಳೂರಲ್ಲಿ ಚೆನ್ನಾಗಿ ನಡೆಯೋ ಪದ್ಧತಿ ಅಂದ್ರೆ ಕ್ಯಾಬನ್ನ ಜಾಮ್ ರೂಮಲ್ಲಿ ಗ್ರೌಂಡ್ ಫ್ಲೋರಲ್ಲೇ ಬಿಟ್ಟು ಹೆಡ್ ಮಾತ್ರ ಓಡಾಡಿಸೋದು. ಗಿಗ್ ಇರೋ ಜಾಗದಲ್ಲಿ ಕ್ಯಾಬ್ ಇದ್ಯಾ, ಎಷ್ಟು ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡೋ ತಡೆ) ಅಂತ ಫೋನ್ ಮಾಡಿ ಕೇಳಿ, "ಇದೆ ಸಾರ್" ಅಂದ್ರೆ ಸಾಲಲ್ಲ, ಹಿಂದಿನ ಪ್ಲೇಟ್ ಫೋಟೋ ತರಿಸ್ಕೊಳ್ಳಿ. 8 ಓಮ್ ಕ್ಯಾಬ್ ಎರಡು ಪ್ಯಾರಲಲ್ ಹಾಕಿದ್ರೆ 4 ಓಮ್ ಆಗತ್ತೆ, ಹೆಡ್ ಹಿಂದೆ ಇರೋ ಸ್ವಿಚ್ ಕೂಡ 4ಕ್ಕೇ ಇರ್ಬೇಕು. ಸ್ವಂತ ಕ್ಯಾಬೇ ಬೇಕು ಅನ್ನೋರು 8 ಬೈ 10 ಬದ್ಲು ಸಣ್ಣ ಕ್ಯಾಬ್ ಎರಡು ಇಟ್ಕೊಳ್ಳಿ, ಒಬ್ಬೊಬ್ರೇ ಒಂದೊಂದು ಎತ್ಬೋದು, ಪಬ್‌ಗೆ ಒಂದೇ ಸಾಕಾದ್ರೂ ಆಗತ್ತೆ.

ಸಾಗಿಸೋಕೆ ಲಗೇಜ್ ಆಟೋ ಇಲ್ಲಾ ಟಾಟಾ ಏಸ್. ಸಣ್ಣ ಕಾರಲ್ಲಿ 8 ಬೈ 10 ಹಿಡಿಯಲ್ಲ, ಒದ್ದಾಡ್ಬೇಡಿ. ಸಿಟಿಯ ಕೆಲವು ರೋಡಲ್ಲಿ ಪೀಕ್ ಅವರಲ್ಲಿ ಗೂಡ್ಸ್ ಗಾಡಿ ಬಿಡಲ್ಲ, ಅದಕ್ಕೆ ಡ್ರೈವರ್ ಹತ್ರ ಮೊದಲೇ ಮಾತಾಡಿ ಮಧ್ಯಾಹ್ನಾನೇ ಹೊರಟ್ಬಿಡಿ, ಸಂಜೆ ಸಿಲ್ಕ್ ಬೋರ್ಡಲ್ಲಿ ಸಿಕ್ಕಾಕೊಂಡ್ರೆ ಸೌಂಡ್‌ಚೆಕ್ ಹೋಯ್ತು ಅಂತಾನೇ ಲೆಕ್ಕ. ಕ್ಯಾಬನ್ನ ಗಾಡಿಯ ಮುಂದಿನ ಗೋಡೆಗೆ ಒರಗಿಸಿ ಬೆಲ್ಟ್ ಹಾಕಿ ಬಿಗಿದು ಕಟ್ಟಿ, ಹೆಡ್ ಅದರ ಮೇಲೆ ಬೇಡ, ಕೆಳಗೆ ಒಂದು ಹಳೇ ಹಾಸಿಗೆ ಇಲ್ಲಾ ದಪ್ಪ ಫೋಮ್ ಹಾಕಿ ಕೂರಿಸಿ. ನಮ್ಮ ರೋಡಿನ ಹಂಪು, ಗುಂಡಿ ಟ್ಯೂಬ್‌ಗಳಿಗೆ ನಿಜವಾದ ಶತ್ರು, ಒಳಗಿನ ಸಣ್ಣ ಸಣ್ಣ ಲೋಹದ ಭಾಗಗಳು ಅಲ್ಲಾಡಿ ಸಡಿಲ ಆಗ್ತವೆ. ಒಳ್ಳೇ ಫ್ಲೈಟ್‌ಕೇಸ್ ಮಾಡಿಸಿದ್ರೆ ಇನ್ನೂ ಒಳ್ಳೇದು, ತೂಕ ಜಾಸ್ತಿ ಆಗತ್ತೆ ನಿಜ, ಆದ್ರೆ ಕೆಳಗೆ ಚಕ್ರ ಇರತ್ತೆ. ಟಾರ್ಪಾಲ್ ಯಾವಾಗ್ಲೂ ಗಾಡೀಲಿ ಇರ್ಲಿ, ಮೇ ತಿಂಗಳ ಸಂಜೆ ಮಳೆ ಹೇಳಿ ಕೇಳಿ ಬರಲ್ಲ. ನೆನೆದ ಆಂಪನ್ನ ಒರೆಸ್ಬಿಟ್ಟು ಆನ್ ಮಾಡೋ ಧೈರ್ಯ ಮಾಡ್ಬೇಡಿ, ಒಳಗೆ ಪೂರ್ತಿ ಒಣಗಿದೆ ಅಂತ ಟೆಕ್ನಿಷಿಯನ್ ನೋಡಿ ಹೇಳ್ಬೇಕು.

ಎತ್ತೋ ವಿಷಯಕ್ಕೆ ಬಂದ್ರೆ, ಹೆಡ್ಡನ್ನ ಒಬ್ರೇ ಎತ್ಬೇಡಿ, ನಿಮಗೆ ಶಕ್ತಿ ಇದ್ರೂ ಬೇಡ. ಟ್ರಾನ್ಸ್‌ಫಾರ್ಮರ್ ಯಾವ ಕಡೆ ಇರತ್ತೋ ಆ ಕಡೆ ಭಾರ ಜಾಸ್ತಿ, ಮೊದಲು ಒಂದು ಇಂಚು ಎತ್ತಿ ಯಾವ ಕಡೆ ವಾಲತ್ತೆ ನೋಡ್ಕೊಳ್ಳಿ. ಮಂಡಿ ಬಗ್ಗಿಸಿ, ಎದೆಗೆ ಹತ್ರ ಹಿಡ್ಕೊಂಡು ಎದ್ದೇಳಿ, ಕೈಯಲ್ಲಿ ಹಿಡ್ಕೊಂಡೇ ಸೊಂಟ ತಿರುಗಿಸ್ಬೇಡಿ, ಕಾಲೇ ತಿರುಗ್ಲಿ. ಜಾಸ್ತಿ ಜನಕ್ಕೆ ಏಟಾಗೋದು ಹೆಡ್ಡನ್ನ 4 ಅಡಿ ಕ್ಯಾಬ್ ಮೇಲೆ ಇಡೋವಾಗ, ಅದಕ್ಕೇ ಮಧ್ಯದಲ್ಲಿ ಒಂದು ಗಟ್ಟಿ ಟೇಬಲ್ ಇಟ್ಕೊಂಡು ಎರಡು ಹಂತದಲ್ಲಿ ಏರಿಸಿ. ಕ್ಯಾಬ್ ಹಿಂದೆ ಮೇಲ್ಗಡೆ ಒಂದು ಉದ್ದ ಕಂಬಿ, ಕೆಳಗೆ ಚಕ್ರ ಇರತ್ತೆ, ಸಮತಟ್ಟಾದ ಕಡೆ ವಾಲಿಸಿ ಎಳ್ಕೊಂಡು ಹೋಗ್ಬೋದು. ಮೆಟ್ಟಿಲಲ್ಲಿ ಹಿಂಬದಿಯ ಸ್ಕಿಡ್ ಪಟ್ಟಿ ಮೇಲೆ ಮಲಗಿಸಿ ಒಂದೊಂದೇ ಮೆಟ್ಲು, ಮೇಲೆ ಒಬ್ರು, ಕೆಳಗೆ ಗಟ್ಟಿ ಇರೋರು ಇಬ್ರು, ಒಬ್ರೇ "ಎತ್ತು, ನಿಲ್ಸು" ಅಂತ ಹೇಳ್ತಾ ಇರ್ಬೇಕು, ಮೂರೂ ಜನ ಕೂಗಿದ್ರೆ ಬೆರಳು ಸಿಕ್ಕಾಕೊಳ್ಳತ್ತೆ. ರೂಫ್‌ಟಾಪ್ ಗಿಗ್ ಆದ್ರೆ ಸರ್ವಿಸ್ ಲಿಫ್ಟ್ ಇದ್ಯಾ, ಕೊನೇ ಫ್ಲೋರ್ ತನಕ ಹೋಗತ್ತಾ ಅಂತ ಕೇಳಿ, ಬಹಳ ಕಡೆ ಕೊನೇ ಒಂದು ಫ್ಲೋರ್ ಮೆಟ್ಟಿಲೇ. ಹಮಾಲಿಗಳನ್ನ ಕರೆಸಿದ್ರೆ ಕೂಲಿಯಲ್ಲಿ ಚೌಕಾಸಿ ಮಾಡ್ಬೇಡಿ, ವಾಪಸ್ ಇಳಿಸೋಕೆ ರಾತ್ರಿ ಬರ್ತಾರಾ ಅಂತಾನೂ ಆಗ್ಲೇ ಮಾತಾಡ್ಕೊಳ್ಳಿ.

ಕರೆಂಟ್ ವಿಷಯದಲ್ಲಿ ಹುಷಾರು. ಅಮೆರಿಕಾದಿಂದ ನೆಂಟ್ರು ತಂದುಕೊಟ್ಟ ಆಂಪ್ 120 ವೋಲ್ಟಿಂದು, ನಮ್ಮಲ್ಲಿ 230, ಹಂಗೇ ಚುಚ್ಚಿದ್ರೆ ಕಥೆ ಮುಗೀತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ (ವೋಲ್ಟೇಜ್ ಇಳಿಸೋದು) ಹಾಕೋದಾದ್ರೆ ಆಂಪ್ ಎಳೆಯೋದಕ್ಕಿಂತ ಧಾರಾಳವಾಗಿ ದೊಡ್ಡದು ಹಾಕಿ, ಅದೂ ಇನ್ನೊಂದು ಭಾರ ಅನ್ನೋದು ನೆನಪಿರ್ಲಿ, ಅದಕ್ಕೇ ನಾನು 230 ವೋಲ್ಟ್ ಮಾಡೆಲ್ಲೇ ಹುಡುಕಿ ಅಂತೀನಿ. 16 ಆಂಪಿಯರ್ ಪಾಯಿಂಟ್ ಕೇಳಿ, ಮೂರನೇ ಪಿನ್ ಅಂದ್ರೆ ಅರ್ತ್ ಯಾವತ್ತೂ ತೆಗೀಬೇಡಿ, ಹಮ್ (ಗುಂಯ್ ಅನ್ನೋ ಸದ್ದು) ಬರತ್ತೆ ಅಂತ ತೆಗೆದು ಪ್ರಾಣಕ್ಕೆ ತಂದ್ಕೊಳ್ಳೋರು ಇದ್ದಾರೆ. ಮನೆ ಇನ್ವರ್ಟರ್ ಮೇಲೆ ಓಡಿಸೋದೂ ಬೇಡ.

ಆನ್ ಮಾಡೋಕೆ ಮುಂಚೆ ಸ್ಪೀಕರ್ ಕನೆಕ್ಟ್ ಆಗಿರ್ಲೇಬೇಕು, ಇದೊಂದು ಮಾತ್ರ ಗೋಡೆ ಮೇಲೆ ಬರೆದಿಡಿ. ಲೋಡ್ ಇಲ್ದೆ ನುಡಿಸಿದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಲ್ಲಿ ವೋಲ್ಟೇಜ್ ಏರಿ ಒಳಗೇ ಕಿಡಿ ಹಾರತ್ತೆ, ಅದನ್ನ ಬದಲಾಯಿಸೋ ಖರ್ಚಲ್ಲಿ ಇನ್ನೊಂದು ಆಂಪೇ ಬರ್ಬೋದು. ಪಿಎಗೆ (ಜನರ ಕಡೆ ಇರೋ ದೊಡ್ಡ ಸೌಂಡ್ ಸಿಸ್ಟಮ್‌ಗೆ) ಬರೀ ಲೈನ್ ಔಟ್ ಸಿಗ್ನಲ್ ಕೊಡ್ತೀನಿ ಅಂದ್ರೂ ಕ್ಯಾಬ್ ಬೇಕೇ ಬೇಕು. ಗಿಟಾರ್ ಕೇಬಲ್ಲನ್ನ ಸ್ಪೀಕರ್‌ಗೆ ಹಾಕ್ಬೇಡಿ, ಎರಡೂ ಜ್ಯಾಕ್ ಒಂದೇ ಥರ ಕಂಡ್ರೂ ಒಳಗಿನ ವೈರ್ ತೆಳು. ಸ್ಟ್ಯಾಂಡ್‌ಬೈ ಸ್ವಿಚ್ ಇದ್ರೆ ಅದರಲ್ಲೇ ಒಂದು ನಿಮಿಷ ಬಿಸಿ ಆಗೋಕೆ ಬಿಡಿ. ನುಡಿಸ್ತಾ ಇರೋವಾಗ ಟ್ಯೂಬ್ ಗಾಜಿನ ಹತ್ರ ನೀಲಿ ಹೊಳಪು ಕಂಡ್ರೆ ಗಾಬರಿ ಬೇಡ, ಒಳಗಿನ ಬೂದು ತಗಡೇ ಕೆಂಪಗೆ ಕಾದ್ರೆ ತಕ್ಷಣ ಆಫ್ ಮಾಡಿ, ಬಯಾಸ್ (ಟ್ಯೂಬಲ್ಲಿ ಎಷ್ಟು ಕರೆಂಟ್ ಹರೀಬೇಕು ಅನ್ನೋ ಸೆಟ್ಟಿಂಗ್) ತಪ್ಪಿರತ್ತೆ ಇಲ್ಲಾ ಟ್ಯೂಬ್ ಹೋಗಿರತ್ತೆ. ಮುಗಿದ ಮೇಲೆ ಒಂದು ಇಪ್ಪತ್ತು ನಿಮಿಷ ತಣ್ಣಗಾಗೋ ತನಕ ಎತ್ಬೇಡಿ, ಬಿಸಿ ಟ್ಯೂಬ್‌ಗೆ ಏಟು ತಡ್ಯೋ ಶಕ್ತಿ ಕಮ್ಮಿ, ಅಷ್ಟರಲ್ಲಿ ಕೇಬಲ್ ಸುತ್ಕೊಳ್ಳಿ.

ಟ್ಯೂಬ್ ಅನ್ನೋದು ಈ ಊರಿಗೆ ಹೊಸದಲ್ಲ, ಜಾಲಹಳ್ಳಿಯ ಬಿಇಎಲ್ ಒಂದು ಕಾಲದಲ್ಲಿ ರೇಡಿಯೋ ವಾಲ್ವ್ ತಯಾರಿಸ್ತಿತ್ತು. ಆದ್ರೆ ಬೇಸ್ ಆಂಪ್‌ಗೆ ಬೇಕಾಗೋ 6550 ಥರ ದೊಡ್ಡ ಟ್ಯೂಬ್ ಬೇಕು ಅಂದ ದಿನಾನೇ ಅಂಗಡೀಲಿ ಸಿಗತ್ತೆ ಅಂತ ನಂಬ್ಕೋಬೇಡಿ, ಆರೂ ಮ್ಯಾಚ್ ಆಗಿರೋ ಸೆಟ್ ಒಂದು ಮೊದಲೇ ತರಿಸಿಡಿ, ಜೊತೆಗೆ ಒಂದೆರಡು 12ಎಎಕ್ಸ್7 (ಪ್ರೀಆಂಪಿನ ಸಣ್ಣ ಟ್ಯೂಬ್), ಆಂಪಲ್ಲಿ ಇರೋ ಅದೇ ರೇಟಿಂಗಿನ ಸ್ಲೋ ಬ್ಲೋ ಫ್ಯೂಸ್ ನಾಲ್ಕೈದು. ಫ್ಯೂಸು, ಜ್ಯಾಕು, ವೈರಿಗೆ ಎಸ್‌ಪಿ ರೋಡ್ ಇದ್ದೇ ಇದೆ. ಹೆಡ್ ಬಿಚ್ಚೋ ಕೆಲಸ ಮಾತ್ರ ಟ್ಯೂಬ್ ಆಂಪ್ ರಿಪೇರಿ ಮಾಡಿ ಗೊತ್ತಿರೋರಿಗೇ ಕೊಡಿ, ಪ್ಲಗ್ ಕಿತ್ತಾದ ಮೇಲೂ ಕೆಪಾಸಿಟರಲ್ಲಿ ಕೊಲ್ಲೋ ಅಷ್ಟು ವೋಲ್ಟೇಜ್ ಉಳ್ಕೊಂಡಿರತ್ತೆ.