ಬೋಟಿನ ಸೀಟು ಐದು ಇಂಚು ಮೇಲೇರಿದ್ದು

ಬೆಳಿಗ್ಗೆ ಐದೂವರೆಗೆ ಹೆರಕಲ್ ಹತ್ತಿರ ಬೋಟು ಬಿಟ್ಟರೆ, ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ನಾಲ್ಕೈದು ಕಡೆ ನಿಂತು ಮೀನುಗಾರರಿಂದ ಕಟ್ಲಾ, ರೋಹು, ಜಿಲೇಬಿ ತೂಗಿಸಿಕೊಂಡು ಒಂಬತ್ತರೊಳಗೆ ಮರಳಬೇಕು. ಬಿಸಿಲೇರಿದರೆ ಮೀನು ನಮ್ಮ ಮಾತು ಕೇಳುವುದಿಲ್ಲ. ಈ ಕೆಲಸ ಹಿಡಿದ ಮೊದಲ ವರ್ಷವೇ ನನ್ನ ಸೊಂಟ ಹಿಡಿದುಕೊಂಡಿತು. ಮನೆಗೆ ಬಂದು ಅರ್ಧ ಗಂಟೆ ನೆಲದ ಮೇಲೆ ಅಂಗಾತ ಮಲಗದ ಹೊರತು ಊಟಕ್ಕೆ ಕುಳಿತುಕೊಳ್ಳಲು ಆಗುತ್ತಿರಲಿಲ್ಲ. ಡಾಕ್ಟರು ಸೊಂಟಪಟ್ಟಿ ಕೊಟ್ಟರು, ಹೆಂಡತಿ ಎಳ್ಳೆಣ್ಣೆ ತಿಕ್ಕಿದಳು. ಬೋಟಿನ ಸೀಟಿನ ಕಡೆಗೆ ಮಾತ್ರ ಯಾರೂ ಬೆರಳು ತೋರಿಸಲಿಲ್ಲ.

ಬೋಟು ಸೆಕೆಂಡ್‌ಹ್ಯಾಂಡ್. ಹದಿನಾರು ಅಡಿಯ ಫೈಬರ್ ದೋಣಿ, ಹಿಂದೆ 40 ಅಶ್ವಶಕ್ತಿಯ ಯಂತ್ರ, ನಡುವೆ ಬಲಗಡೆಗೆ ಸ್ಟಿಯರಿಂಗ್. ಮಾರಿದವರು ಅದನ್ನು ಬಾಸ್ ಬೋಟ್ ಮಾದರಿ ಎಂದು ಹೊಗಳಿ ಮಾರಿದ್ದರು. ಬಾಸ್ ಎಂಬುದು ಉತ್ತರ ಅಮೆರಿಕದ ಸಿಹಿನೀರಿನ ಮೀನು. ಅಲ್ಲಿ ಅದನ್ನು ಗಾಳದಲ್ಲಿ ಹಿಡಿಯುವುದು ದೊಡ್ಡ ಹವ್ಯಾಸ. ಅದಕ್ಕೆಂದೇ ಬೇರೆ ದೋಣಿಗಳಿವೆ. ಅಂಥವುಗಳಲ್ಲಿ ಮೊದಲನೆಯದೆಂದು ಅಲ್ಲಿನವರು ಹೇಳುವ ಸ್ಕೀಟರ್ 1948ರದ್ದು. ಇಂದಿನ ಬಾಸ್ ಬೋಟುಗಳು ಗಂಟೆಗೆ ನೂರು ಕಿಲೋಮೀಟರ್ ದಾಟುತ್ತವೆ. ಆ ವೇಗದಲ್ಲಿ ದೋಣಿ ನೀರನ್ನು ಸೀಳುವುದಿಲ್ಲ, ನೀರಿನ ಮೇಲೆ ಜಾರುತ್ತದೆ. ಮೂತಿ ಕೆಳಗಿಳಿದು ಹೆಚ್ಚು ಕಡಿಮೆ ಸಮತಲವಾಗುತ್ತದೆ. ಹಾಗಾಗಿ ಚಾಲಕನ ಸೀಟು ತಗ್ಗಿನಲ್ಲಿದ್ದರೂ ಮುಂದಿನ ನೀರು ಕಾಣುತ್ತದೆ. ತಗ್ಗಿನಲ್ಲಿದ್ದರೆ ಗಾಳಿಯೂ ಮುಖಕ್ಕೆ ಬಡಿಯುವುದಿಲ್ಲ, ತಿರುವಿನಲ್ಲಿ ಭಾರವೂ ಕೆಳಗೇ ಇರುತ್ತದೆ. ಅವರ ಲೆಕ್ಕ ಸರಿಯಾಗಿದೆ.

ನಾನಾದರೋ ಪೆಟ್ರೋಲಿನ ದರ ನೋಡಿಕೊಂಡು ಓಡಿಸುವವನು. ಹಿಂಭಾಗದಲ್ಲಿ ಐಸ್ ಪೆಟ್ಟಿಗೆ, ಏಳೆಂಟು ಕ್ರೇಟು ಮೀನು, ವೇಗ ಗಂಟೆಗೆ ಹೆಚ್ಚೆಂದರೆ 18 ಕಿಲೋಮೀಟರ್. ದೋಣಿ ಪೂರ್ತಿ ತೇಲುವುದೂ ಇಲ್ಲ, ಪೂರ್ತಿ ಜಾರುವುದೂ ಇಲ್ಲ. ಮೂತಿ ಅತಿ ಹೆಚ್ಚು ಮೇಲೆದ್ದು ನಿಲ್ಲುವುದು ಈ ನಡುವಿನ ವೇಗದಲ್ಲೇ. ಬಾಸ್ ಬೋಟಿನವನು ಈ ಹಂತವನ್ನು ಕೆಲವು ಸೆಕೆಂಡುಗಳಲ್ಲಿ ದಾಟಿಬಿಡುತ್ತಾನೆ. ನಾನು ಪ್ರತಿದಿನ ಎರಡು ಗಂಟೆ ಅದರಲ್ಲೇ ಇರುತ್ತೇನೆ.

ಇದು ಹೊಳೆಯಲು ಒಂದೂವರೆ ವರ್ಷ ಬೇಕಾಯಿತು. ಮೊದಲು ನಾನು ಮೆತ್ತೆಯನ್ನು ಬೈದೆ. ಗುಜರಿಯಿಂದ ಹಳೆಯ ಟ್ರ್ಯಾಕ್ಟರಿನ ಸ್ಪ್ರಿಂಗ್ ಸೀಟು ತಂದು ಕೂರಿಸಿದೆ. ಕಬ್ಬಿನ ಹೊಲದ ಏರುತಗ್ಗುಗಳನ್ನೇ ತಡೆದ ಸೀಟು, ನೀರು ಯಾವ ಲೆಕ್ಕ ಎಂದುಕೊಂಡಿದ್ದೆ. ಆಷಾಢದ ಗಾಳಿಗೆ ಅಗಲ ನೀರಿನಲ್ಲಿ ಏಳುವ ತೆರೆಗಳು ಎತ್ತರವಿಲ್ಲ, ಆದರೆ ಒಂದರ ಬೆನ್ನಿಗೆ ಒಂದು ಒತ್ತೊತ್ತಾಗಿ ಬರುತ್ತವೆ. ಮೊದಲ ತೆರೆಗೆ ಸೀಟು ಕುಸಿಯಿತು, ಎರಡನೆಯದಕ್ಕೆ ನನ್ನನ್ನು ಮೇಲಕ್ಕೆ ಎಸೆಯಿತು, ಮೂರನೆಯದು ಬರುವಾಗ ನಾನು ಇನ್ನೂ ಗಾಳಿಯಲ್ಲಿದ್ದೆ. ಸ್ಪ್ರಿಂಗಿನ ಕುಣಿತ ತಡೆಯುವ ಡ್ಯಾಂಪರ್ ಆ ಸೀಟಿನಲ್ಲಿ ಎಂದೋ ಸತ್ತುಹೋಗಿತ್ತು. ನಾಲ್ಕನೆಯ ದಿನ ಅದನ್ನು ಮತ್ತೆ ಗುಜರಿಗೆ ಕೊಟ್ಟೆ, ತಂದ ಬೆಲೆಯ ಅರ್ಧಕ್ಕೆ.

ಕಣ್ಣು ತೆರೆಸಿದ್ದು ನನ್ನ ಅಣ್ಣನ ಮಗ, ಅದೂ ಅರಿಯದೆ. ಚಳಿಗಾಲದ ಕೊನೆಗೆ ಹಿನ್ನೀರು ಇಳಿದು ಕೆಸರು ತೇಲಿದಾಗ ಫ್ಲೆಮಿಂಗೊಗಳು ಬಂದು ನಿಲ್ಲುತ್ತವಲ್ಲ, ಅವನ್ನು ಮೊಬೈಲಿನಲ್ಲಿ ಹಿಡಿಯುತ್ತ ಹುಡುಗ ನಡುವೆ ನನ್ನನ್ನೂ ಹಿಡಿದಿದ್ದ. ರಾತ್ರಿ ಊಟದ ಹೊತ್ತಿಗೆ ತೋರಿಸಿ, “ಕಾಕಾ, ಈ ಹಕ್ಕಿ ಯಾವುದು ಹೇಳಿ” ಎಂದು ನಕ್ಕ. ನೋಡಿದರೆ ನಾನು ಸೀಟಿನ ಮೇಲೆ ಕುಳಿತೇ ಇಲ್ಲ. ಅರ್ಧ ಎದ್ದು, ಮೊಣಕಾಲು ಮಡಚಿ, ಸ್ಟಿಯರಿಂಗಿಗೆ ಜೋತುಬಿದ್ದು, ಕೊಕ್ಕರೆಯಂತೆ ಕುತ್ತಿಗೆ ಚಾಚಿದ್ದೇನೆ. ಮೂತಿಯಾಚೆ ನೀರು ಕಾಣದ್ದರಿಂದ ದೇಹ ತಾನಾಗಿ ಏಳುತ್ತಿತ್ತು. ಇಷ್ಟು ದಿನ ನಾನು ಮದ್ದು ಮಾಡಿದ್ದು ಸೊಂಟಕ್ಕೆ. ತಕರಾರು ಇದ್ದದ್ದು ಕಣ್ಣಿನದು.

ಮಾರನೆಯ ದಿನ ಅಳತೆಗೆ ಇಳಿದೆವು. ಸೀಟು ನೆಲದಿಂದ 11 ಇಂಚು. ಕುಳಿತಾಗ ನನ್ನ ಕಣ್ಣು ಸೀಟಿನಿಂದ 30 ಇಂಚು ಮೇಲೆ, ಅಂದರೆ ನೆಲದಿಂದ 41. ಮುಂದಿನ ಅಕ್ರಿಲಿಕ್ ಗಾಳಿತಡೆಯ ಮೇಲಂಚು 42. ಎಂದರೆ ಆ ಅಂಚು ಸರಿಯಾಗಿ ಕಣ್ಣಿಗೇ ಅಡ್ಡ. ಗಾಜಿನೊಳಗಿಂದ ನೋಡಬೇಕೋ ಮೇಲಿನಿಂದ ನೋಡಬೇಕೋ ತಿಳಿಯದೆ ತಲೆ ದಿನವಿಡೀ ಏರಿ ಇಳಿಯುತ್ತಿತ್ತು. ಹಳದಿ ಎಣ್ಣೆ ಡಬ್ಬಿಗೆ ಕಲ್ಲು ಕಟ್ಟಿ ತೇಲಿಬಿಟ್ಟು, ದಿನದ ವೇಗದಲ್ಲೇ ಅದರ ಕಡೆಗೆ ನೆಟ್ಟಗೆ ಓಡಿಸಿದೆ. ಸೀಟಿಗೆ ಬೆನ್ನು ಕೊಟ್ಟು ಕುಳಿತರೆ ಡಬ್ಬಿ ಮೂತಿಯ ಹಿಂದೆ ಮರೆಯಾಗುವ ಹೊತ್ತಿಗೆ ನಮಗೂ ಅದಕ್ಕೂ ಮೂರು ದೋಣಿಯುದ್ದದ ಮೇಲೆ ಅಂತರ. 18 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ 5 ಮೀಟರ್. ಪ್ರತಿ ಕ್ಷಣವೂ ಮುಂದಿನ ಮೂರು ಸೆಕೆಂಡಿನ ದಾರಿ ನನಗೆ ಕುರುಡು. ಆಲಮಟ್ಟಿ ಜಲಾಶಯ ತನ್ನ ಪೂರ್ಣ ಮಟ್ಟವಾದ 519.60 ಮೀಟರ್‌ವರೆಗೆ ತುಂಬಿ ನಿಂತಾಗ ಇದು ಹೇಗೋ ನಡೆದೀತು. ಏಪ್ರಿಲ್‌ನಲ್ಲಿ ಮುಳುಗಡೆಯಾದ ಜಾಲಿಯ ಮೋಟುಗಳು, ಹಳೆಯ ಊರುಗಳ ಗೋಡೆಗಳು ಒಂದು ಗೇಣು ನೀರಿನ ಕೆಳಗೆ ಕಾದಿರುತ್ತವೆ. ಬಲೆಗೆ ಕಟ್ಟಿದ ಥರ್ಮೋಕೋಲ್ ತುಂಡುಗಳಂತೂ ವರ್ಷವಿಡೀ.

ಕಬ್ಬಿಣ ಕಡಿಸುವ ಮೊದಲು ಹಲಗೆ, ಮಡಚಿದ ಗೋಣಿಚೀಲಗಳಲ್ಲೇ ಎತ್ತರ ಹುಡುಕಿದೆ. ದಿನಕ್ಕೊಂದು ಇಂಚು ಏರಿಸುತ್ತ ಹೋದೆ. ಎರಡು ಇಂಚಿಗೆ ಏನೂ ಗೊತ್ತಾಗಲಿಲ್ಲ. ನಾಲ್ಕಕ್ಕೆ ಅಂಚಿನ ಕಾಟ ತಪ್ಪಿತು. ಆರಕ್ಕೆ ನೀರು ಚೆನ್ನಾಗಿ ಕಂಡಿತು, ಆದರೆ ತೊಡೆ ಸ್ಟಿಯರಿಂಗಿನ ಕೆಳಗೆ ಸಿಕ್ಕಿಕೊಂಡು, ದಂಡೆಗೆ ತಿರುಗಿಸುವಾಗ ಚಕ್ರ ಅರ್ಧಕ್ಕೇ ನಿಂತಿತು. ಐದಕ್ಕೆ ಒಪ್ಪಿಕೊಂಡೆ. ಸ್ಟಿಯರಿಂಗಿನ ಬುಡಕ್ಕೆ ಇಳಿಜಾರಾಗಿ ಕೊರೆದ ಮರದ ತುಂಡು ಕೊಟ್ಟು ಚಕ್ರವನ್ನು ತುಸು ಮೇಲಕ್ಕೆ ಮುಖ ಮಾಡಿಸಿದೆ. ಕೆಳ ಅಂಚು ಒಂದೂವರೆ ಇಂಚು ಏರಿ ತೊಡೆಗೆ ಜಾಗವಾಯಿತು. ಕೇಬಲ್ ಎಲ್ಲೂ ಬಿಗಿಯಾಗಿ ಮುರಿದು ಬಾಗದಂತೆ ನೋಡಿಕೊಳ್ಳಬೇಕು, ಅಷ್ಟೇ. ಡಬ್ಬಿ ಈಗ ಮರೆಯಾಗುವುದು ಎರಡು ದೋಣಿಯುದ್ದಕ್ಕಿಂತ ತುಸು ಕಡಿಮೆ ದೂರದಲ್ಲಿ. ಐಸ್ ಪೆಟ್ಟಿಗೆಯನ್ನು ಮುಂದಕ್ಕೆ ಸರಿಸಿದ ಮೇಲೆ ಮೂತಿಯೂ ಸ್ವಲ್ಪ ತಗ್ಗಿತು. ಈ ಬಿಟ್ಟಿ ಉಪಾಯ ಮೊದಲೇ ಹೊಳೆಯಬೇಕಿತ್ತು.

ಇಲ್ಲೊಂದು ತಪ್ಪು ಮಾಡಿದ್ದೆ. ಬಾಗಲಕೋಟೆ ನವನಗರದ ವೆಲ್ಡಿಂಗ್ ಅಂಗಡಿಯಲ್ಲಿ ಸ್ಟ್ಯಾಂಡಿಗೆ ಅಳತೆ ಕೊಡುವಾಗ ಮೆತ್ತೆಯನ್ನು ಮೂರು ಇಂಚು ಎಂದು ಲೆಕ್ಕ ಹಿಡಿದೆ. ಕುಳಿತ ಮೇಲೆ ಅದು ಒಂದೂವರೆಗೆ ಇಳಿಯಿತು. ಅಳೆಯಬೇಕಾದದ್ದು ಮೈಭಾರ ಬಿದ್ದ ಮೆತ್ತೆಯನ್ನು. ಸ್ಟ್ಯಾಂಡಿನ ಕಾಲಿಗೆ ಮತ್ತೆ ತುಂಡು ಬೆಸೆಸಬೇಕಾಯಿತು. ಮೆತ್ತೆಯೂ ಸರಿಯಿರಲಿಲ್ಲ, ಸೋಫಾದ ಸ್ಪಂಜು ಒಂದೇ ಮಳೆಗೆ ನೀರು ಕುಡಿದು, ಮೀನಿನ ವಾಸನೆಯನ್ನೂ ಕುಡಿದು, ಎರಡು ದಿನ ಒಣಗಲಿಲ್ಲ. ಈಗ ಕೆಳಗೆ ನೀರು ಹೀರದ ಗಟ್ಟಿ ಫೋಮ್ ಎರಡು ಇಂಚು, ಮೇಲೆ ಅದೇ ಜಾತಿಯ ಮೆತ್ತನೆಯದು ಒಂದು ಇಂಚು. ಬರೀ ಮೆತ್ತನೆಯದಾದರೆ ತೆರೆ ಬಡಿದಾಗ ಹಲಗೆಯೇ ತಾಗುತ್ತದೆ. ಹೊದಿಕೆಗೆ ತಿಳಿಬೂದು ರೆಕ್ಸಿನ್. ಕಪ್ಪು ರೆಕ್ಸಿನ್ ನಮ್ಮ ಬಿಸಿಲಿಗೆ ರೊಟ್ಟಿ ಹಂಚು.

ಹಳೆಯ ಸೀಟಿನ ಸ್ಕ್ರೂಗಳು ಫೈಬರಿನಲ್ಲಿ ಸುಮ್ಮನೆ ಕಚ್ಚಿಕೊಂಡಿದ್ದವು, ಕೈಯಲ್ಲೇ ಅಲ್ಲಾಡುತ್ತಿದ್ದವು. ಎತ್ತರದ ಸೀಟಿಗೆ ಎಳೆತ ಹೆಚ್ಚು. ನೆಲದ ಮುಚ್ಚಳ ತೆಗೆದು ಕೆಳಗಿನಿಂದ ಅಗಲದ ಸ್ಟೀಲ್ ಪಟ್ಟಿ ಕೊಟ್ಟು, ಆರಪಾರ ಬೋಲ್ಟ್ ಹಾಕಿ, ರಂಧ್ರಗಳಿಗೆ ಸೀಲಂಟ್ ತುಂಬಿದೆ. ದೋಣಿ ಓಲಾಡೀತೆಂಬ ಹೆದರಿಕೆ ಹುಡುಗನಿಗಿತ್ತು. ಲೆಕ್ಕ ಹಾಕಿದರೆ 75 ಕಿಲೋ ತೂಕದ ನಾನು ಐದು ಇಂಚು ಏರಿದ್ದಕ್ಕೆ, ಮೀನು ಸೇರಿ 600 ಕಿಲೋ ತೂಗುವ ದೋಣಿಯ ಭಾರಕೇಂದ್ರ ಏರುವುದು ಒಂದೂವರೆ ಸೆಂಟಿಮೀಟರಿನಷ್ಟು. ನಾನು ಮೊದಲು ಅರ್ಧ ಎದ್ದು ನಿಲ್ಲುತ್ತಿದ್ದೆನಲ್ಲ, ಅದಕ್ಕಿಂತ ಇದು ಕಡಿಮೆಯೇ. ಆದರೂ ಲೈಫ್ ಜಾಕೆಟ್ ಹಾಕಿಕೊಂಡು ಮೊಣಕಾಲುದ್ದ ನೀರಿನಲ್ಲಿ ಆಚೀಚೆ ತೂಗಾಡಿಸಿ ನೋಡಿದೆವು.

ಮರೆತಿದ್ದು ಎಂಜಿನ್ ನಿಲ್ಲಿಸುವ ದಾರ. ಚಾಲಕ ನೀರಿಗೆ ಬಿದ್ದರೆ ಯಂತ್ರ ನಿಲ್ಲಲೆಂದು ಕಾಲಿಗೆ ಸಿಕ್ಕಿಸಿಕೊಳ್ಳುವ ಸುರುಳಿ ದಾರವದು. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ದೋಣಿಗಳಿಗೆ 2021ರಿಂದ ಅದು ಕಡ್ಡಾಯ. ನಾನು ಕಟ್ಟಿಕೊಳ್ಳುವುದು ಕಾಯಿದೆಗಲ್ಲ, ಹಿಂಭಾಗದಲ್ಲಿ ತಿರುಗುವ ಪ್ರೊಪೆಲ್ಲರಿನ ರೆಕ್ಕೆಗೆ ಹೆದರಿ. ಸೀಟು ಏರಿದ ಮೇಲೆ ದಾರ ಗಿಡ್ಡವಾಗಿ, ಮೀನಿನ ಕ್ರೇಟಿನ ಕಡೆ ಹೊರಳಿದಾಗಲೆಲ್ಲ ಎಂಜಿನ್ ತೆಪ್ಪಗಾಗುತ್ತಿತ್ತು. ಉದ್ದದ ದಾರ ತರಿಸಿದೆ.

ಅಣ್ಣನ ಮಗ ನನಗಿಂತ ಗಿಡ್ಡ. ಅವನು ಓಡಿಸುವಾಗ ಪಾದ ತೂಗಾಡದಂತೆ ಒಂದೂವರೆ ಇಂಚಿನ ಹಲಗೆ ಇಟ್ಟುಕೊಳ್ಳುತ್ತಾನೆ. ಹರಿಗೋಲಿನ ಅಂಚಿನಲ್ಲಿ ಕಂಬಳಿ ಮಡಚಿ ಕುಳಿತು ಅರವತ್ತು ದಾಟಿದ ನಮ್ಮ ಹಿರಿಯ ಮೀನುಗಾರರೊಬ್ಬರು ಈ ಸೀಟನ್ನು ನೋಡಿ, “ಇದೇನಪ್ಪಾ, ಗೌಡರ ಗಾದಿ ಮಾಡಿಸಿದೆ” ಎಂದರು. ಅವರಿಗೆ ಸೊಂಟನೋವಿಲ್ಲ. ಹರಿಗೋಲಿಗೆ ಮೂತಿಯೂ ಇಲ್ಲ.

ಈಗ ಉಳಿದಿರುವ ತಕರಾರು ಒಂದೇ. ಕಣ್ಣು ಗಾಳಿತಡೆಯ ಮೇಲೆ ಹೋಗಿರುವುದರಿಂದ ಡಿಸೆಂಬರಿನ ಬೆಳಗಿನ ಗಾಳಿ ನೇರವಾಗಿ ಮುಖಕ್ಕೆ ಹೊಡೆಯುತ್ತದೆ. ಎತ್ತರದ ಅಕ್ರಿಲಿಕ್ ಹಾಕಿಸು ಎನ್ನುತ್ತಾನೆ ಹುಡುಗ. ಹಾಕಿಸಿದರೆ ಅದರ ಅಂಚು ಮತ್ತೆ ಕಣ್ಣಿಗೇ ಬರುತ್ತದೆ. ಮಫ್ಲರ್ ಸುತ್ತಿಕೊಳ್ಳುತ್ತೇನೆ.