ಚಿರೆಕಲ್ಲು ಎಷ್ಟು ನೀರು ಕುಡಿಯುತ್ತದೆ? ಮನೆಯಲ್ಲೇ ಅಳೆಯುವ ಬಗೆ

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಮನೆ ಕಟ್ಟಿಸುವವರ ಅಂಗಳಕ್ಕೆ ಚಿರೆಕಲ್ಲಿನ (ಲ್ಯಾಟರೈಟ್ ಕಲ್ಲಿನ) ಲಾರಿ ಬಂತೆಂದರೆ ಎಲ್ಲರೂ ಕೇಳುವುದು ‘ಕಲ್ಲು ಗಟ್ಟಿ ಇದೆಯಾ?’ ಎಂದು. ಸಿವಿಲ್ ವಿದ್ಯಾರ್ಥಿಗಳು ಇದರ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಈ ಕಲ್ಲು ಎಷ್ಟು ನೀರು ಕುಡಿಯುತ್ತದೆ?

ಲೆಕ್ಕ ಹಾಕಿ ನೋಡಿ. ಒಂದು ಘನಮೀಟರ್ ಚಿರೆಕಲ್ಲು ಸುಮಾರು 2000 ಕೆ.ಜಿ. ತೂಗುತ್ತದೆ ಎಂದುಕೊಳ್ಳೋಣ. ಮೂರು ಮೀಟರ್ ಎತ್ತರದ ಗೋಡೆಯ ಬುಡದಲ್ಲಿ ಅದರದೇ ಭಾರದಿಂದ ಬೀಳುವ ಒತ್ತಡ 2000 × 9.81 (ಗುರುತ್ವ) × 3 = 58,860 ಪಾಸ್ಕಲ್, ಅಂದರೆ ಚದರ ಮಿಲಿಮೀಟರಿಗೆ ಬರೀ 0.06 ನ್ಯೂಟನ್. ಚಿರೆಕಲ್ಲಿಗೆಂದೇ ಇರುವ ಭಾರತೀಯ ಮಾನಕ ಐಎಸ್ 3620ರ ಪ್ರಕಾರ ಕಲ್ಲು ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ತಾಳಬೇಕು. ಚಾವಣಿಯ ಭಾರ ಸೇರಿಸಿದರೂ ಸಾಮಾನ್ಯ ಮನೆಗೆ ಬೇಕಾದಷ್ಟು ಅಂತರ ಉಳಿಯುತ್ತದೆ. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಗೋಡೆಯನ್ನು ತಿನ್ನುವುದು ಹೆಚ್ಚಾಗಿ ನೀರೇ.

ಪರೀಕ್ಷೆಗೆ ಬೇಕಾದದ್ದು ಎರಡು–ಮೂರು ಕೆ.ಜಿ.ಯ ಕಲ್ಲಿನ ತುಂಡು, ಮೀನು ತೂಗುವಂಥ ಕೊಕ್ಕೆಯ ಡಿಜಿಟಲ್ ತಕ್ಕಡಿ, ಬಕೆಟ್ಟು, ತೆಳ್ಳನೆಯ ನೈಲಾನ್ ದಾರ. ಲೋಡಿನ ಮೇಲೆ, ನಡುವೆ, ಅಡಿಯಲ್ಲಿದ್ದ ಕಲ್ಲುಗಳಿಂದ ಒಂದೊಂದು ತುಂಡು ತೆಗೆದುಕೊಳ್ಳಿ. ಒಂದೇ ಕ್ವಾರಿಯಲ್ಲೂ ಕಲ್ಲಿನ ಗುಣ ಪದರದಿಂದ ಪದರಕ್ಕೆ ಬದಲಾಗುತ್ತದೆ.

ಮೊದಲು ಬ್ರಷ್ಷಿನಿಂದ ಉಜ್ಜಿ, ಉದುರುವ ಮಣ್ಣನ್ನೆಲ್ಲ ತೊಳೆದು ಒಣಗಿಸಿ. ಕಾಲೇಜಿನ ಓವನ್ ಸಿಕ್ಕರೆ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಡಿ. ಇಲ್ಲದಿದ್ದರೆ ಬೇಸಿಗೆಯ ಬಿಸಿಲೇ ಗತಿ. ದಿನವೂ ತೂಗುತ್ತಿರಿ, ತೂಕ ಇಳಿಯುವುದು ನಿಂತ ಮೇಲೆ ಬರೆದುಕೊಳ್ಳಿ. ಇಲ್ಲಿ ಅವಸರ ಮಾಡಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ: ಒಳಗೆ ಮೊದಲೇ ನೀರಿದ್ದರೆ ಕಲ್ಲು ಕಡಿಮೆ ಕುಡಿದಂತೆ ಕಾಣುತ್ತದೆ, ಕೆಟ್ಟ ಕಲ್ಲೂ ಪಾಸಾಗಿಬಿಡುತ್ತದೆ.

ಆಮೇಲೆ 24 ಗಂಟೆ ಸಿಹಿನೀರಿನಲ್ಲಿ ಪೂರ್ತಿ ಮುಳುಗಿಸಿಡಿ. ಕಡಲ ನೀರಾಗಲಿ ಸವಳು ಬಾವಿಯ ನೀರಾಗಲಿ ಬೇಡ. ಕಡಲ ನೀರಿನ ಸಾಂದ್ರತೆ ಲೀಟರಿಗೆ ಸುಮಾರು 1.025 ಕೆ.ಜಿ. ಇರುವುದರಿಂದ ಅದು ಕಲ್ಲನ್ನು ಹೆಚ್ಚು ಮೇಲಕ್ಕೆ ತಳ್ಳಿ ಅಳತೆ ತಪ್ಪಿಸುತ್ತದೆ.

ಈಗ ಕಲ್ಲನ್ನು ದಾರಕ್ಕೆ ಕಟ್ಟಿ, ಬಕೆಟ್ಟಿನ ಬದಿಗೂ ತಳಕ್ಕೂ ತಾಗದಂತೆ ನೀರೊಳಗೇ ತೂಗಬಿಟ್ಟು ತಕ್ಕಡಿ ನೋಡಿ. ನಂತರ ಹೊರತೆಗೆದು, ಒದ್ದೆ ಬಟ್ಟೆಯಿಂದ ಮೇಲ್ಮೈಯ ನೀರನ್ನಷ್ಟೇ ಒರೆಸಿ ಗಾಳಿಯಲ್ಲಿ ತೂಗಿ. ಒಣ ಬಟ್ಟೆ ಬಳಸಿದರೆ ರಂಧ್ರದೊಳಗಿನ ನೀರನ್ನೂ ಎಳೆದುಕೊಳ್ಳುತ್ತದೆ.

ಉದಾಹರಣೆಗೆ ಒಣ ತೂಕ 2.40 ಕೆ.ಜಿ., ನೆನೆದ ತೂಕ 2.66, ನೀರೊಳಗಿನ ತೂಕ 1.48 ಎನ್ನಿ. ಕುಡಿದ ನೀರು 0.26 ಕೆ.ಜಿ. ಅದನ್ನು ಒಣ ತೂಕದಿಂದ ಭಾಗಿಸಿದರೆ ಶೇ 10.8. ಐಎಸ್ 3620ರ ಮಿತಿ ಶೇ 12, ಹಾಗಾಗಿ ಕಲ್ಲು ಒಪ್ಪುತ್ತದೆ. ಇನ್ನು ಆರ್ಕಿಮಿಡೀಸ್ ನಿಯಮದಂತೆ 2.66 ರಿಂದ 1.48 ಕಳೆದರೆ ಸಿಗುವ 1.18 ಲೀಟರೇ ಕಲ್ಲಿನ ಗಾತ್ರ. ಓರೆಕೋರೆ ತುಂಡಿನ ಗಾತ್ರ ತಿಳಿಯಲು ಇದಕ್ಕಿಂತ ಚಂದದ ದಾರಿ ನನಗೆ ಗೊತ್ತಿಲ್ಲ. ಸಾಂದ್ರತೆ ಘನಮೀಟರಿಗೆ ಸುಮಾರು 2030 ಕೆ.ಜಿ. ಬಂತು. ನೀರು ಹೊಕ್ಕ ರಂಧ್ರಗಳ ಪಾಲು ಶೇ 22, ಅಂದರೆ ಕಲ್ಲಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬರೀ ಖಾಲಿ ಜಾಗ!

ನೀರು ಕಲ್ಲಿನಲ್ಲಿ ಹೇಗೆ ಮೇಲೇರುತ್ತದೆಂದು ನೋಡಲು ಇನ್ನೊಂದು ಒಣ ತುಂಡನ್ನು ತಟ್ಟೆಯಲ್ಲಿ ನಿಲ್ಲಿಸಿ ಒಂದು ಸೆಂ.ಮೀ. ನೀರು ಹಾಕಿ. ದೀಪದ ಬತ್ತಿ ಎಣ್ಣೆ ಎಳೆದಂತೆ ಒದ್ದೆಯ ಗೆರೆ ಮೇಲೇರತೊಡಗುತ್ತದೆ. ಕಾಲು ಗಂಟೆಗೊಮ್ಮೆ ಪೆನ್ಸಿಲ್ ಗುರುತು ಹಾಕಿ. ಗುರುತುಗಳ ನಡುವಿನ ಅಂತರ ಕಿರಿದಾಗುತ್ತ ಹೋಗುತ್ತದೆ, ಏಕೆಂದರೆ ಎರಡು ಪಟ್ಟು ಎತ್ತರಕ್ಕೆ ಏರಲು ಸುಮಾರು ನಾಲ್ಕು ಪಟ್ಟು ಸಮಯ ಬೇಕು. ಕಣ್ಣಿಗೆ ಕಾಣುವ ದೊಡ್ಡ ತೂತುಗಳು ಇಲ್ಲಿ ನೀರನ್ನು ಎತ್ತುವುದೇ ಇಲ್ಲ ಎನ್ನಬಹುದು. ಅರ್ಧ ಅಂಗುಲದ ತೂತು ಕಂಡು ಕಲ್ಲನ್ನು ಬದಿಗಿಡುವವರು ಇದನ್ನು ಗಮನಿಸಬೇಕು. 0.1 ಮಿ.ಮೀ. ತ್ರಿಜ್ಯದ ರಂಧ್ರ ನೀರನ್ನು ಸುಮಾರು 15 ಸೆಂ.ಮೀ. ಎತ್ತಬಲ್ಲದು. 0.01 ಮಿ.ಮೀ.ನದು ಲೆಕ್ಕದ ಪ್ರಕಾರ ಒಂದೂವರೆ ಮೀಟರ್! ಪಂಚಾಂಗದಿಂದ (ಗೋಡೆಯ ಅಡಿಪಾಯದಿಂದ) ಏರಿದ ತೇವ ಕಿಟಕಿಯ ಮಟ್ಟ ಮುಟ್ಟುವುದು ಹೀಗೆ. ಆ ನೀರಲ್ಲಿ ಉಪ್ಪಿದ್ದರೆ, ನೀರು ಆರಿದಾಗ ಹರಳುಗಟ್ಟಿ ರಂಧ್ರದ ಗೋಡೆಯನ್ನು ಒಳಗಿನಿಂದಲೇ ಒತ್ತುತ್ತದೆ. ಕಲ್ಲಿನ ಮುಖ ಪುಡಿಪುಡಿಯಾಗಿ ಉದುರುತ್ತದೆ.

ಅದಕ್ಕೇ ಪಂಚಾಂಗಕ್ಕೆ ಕರಿಕಲ್ಲು ಹಾಕಿ, ಅದರ ಮೇಲೆ ತೇವ ತಡೆಯುವ ಪದರ ಕೊಟ್ಟು, ಆಮೇಲೆ ಚಿರೆಕಲ್ಲು ಏರಿಸುವುದು ಒಳ್ಳೆಯದು. ಮಾಡಿನ ಸೂರು ಗೋಡೆಯಿಂದ ಸಾಕಷ್ಟು ಮುಂದೆ ಚಾಚಿರಲಿ.

ಕೊನೆಯ ಪರೀಕ್ಷೆ ಕಾಲೇಜಿನ ಸಿಟಿಎಂ ಯಂತ್ರದಲ್ಲೇ (ಕಲ್ಲನ್ನು ಒತ್ತಿ ಬಲ ಅಳೆಯುವ ಯಂತ್ರ) ಆಗಬೇಕು. 390 × 190 ಮಿ.ಮೀ. ಮುಖದ ಇಡೀ ಕಲ್ಲು ಚದರ ಮಿಲಿಮೀಟರಿಗೆ 3.5 ನ್ಯೂಟನ್ ತಾಳಬೇಕೆಂದರೆ ಯಂತ್ರದ ಮುಳ್ಳು ಸುಮಾರು 259 ಕಿಲೋನ್ಯೂಟನ್ ದಾಟಬೇಕು. ಒಂದೇ ಲೋಡಿನ ಕೆಲವು ಕಲ್ಲುಗಳನ್ನು ಒಣಗಿಸಿ, ಇನ್ನು ಕೆಲವನ್ನು ಒಂದು ದಿನ ನೆನೆಸಿ ಒತ್ತಿಸಿ, ಎರಡೂ ಅಂಕಿಗಳನ್ನು ಅಕ್ಕಪಕ್ಕ ಬರೆಯಿರಿ. ನೆನೆದ ಕಲ್ಲು ಸಾಮಾನ್ಯವಾಗಿ ಬೇಗ ಒಡೆಯುತ್ತದೆ. ಆಷಾಢದ ಮಳೆಯಲ್ಲಿ ನಿಲ್ಲಬೇಕಾದ ಗೋಡೆಗೆ ವಿನ್ಯಾಸ ಮಾಡುವಾಗ ಆ ನೆನೆದ ಕಲ್ಲಿನ ಅಂಕಿಯನ್ನೇ ಹಿಡಿಯಿರಿ.